ಬೆಂಗಳೂರಿನ ಹಳೇ ಚಿತ್ರದ ಪೋಸ್ಟ್‌ಕಾರ್ಡುಗಳು: ಕಾಲ ಪತ್ತೆ ಮಾಡೋದು, ಆಲ್ಬಂನಿಂದ ಬಿಡಿಸೋದು, ಕಾಪಾಡೋದು ಹೇಗೆ?

ಬಟವಾಡಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಒಂದು ಹಳೇ ಆಲ್ಬಂ ಕೈಗೆ ಬಂದಿದೆ. ಕಪ್ಪು ಹಾಳೆಗಳು, ಸುಮಾರು ಅರವತ್ತು ಪೋಸ್ಟ್‌ಕಾರ್ಡು, ಹೆಚ್ಚಿನವು ಬೆಂಗಳೂರಿನ ರಸ್ತೆ ಮತ್ತು ಕಟ್ಟಡಗಳವು. ಕೆಲವನ್ನು ಮೂಲೆಗೆ ಸಿಕ್ಕಿಸಿದ್ದಾರೆ, ಕೆಲವನ್ನು ಹಿಂದೆ ಗೋಂದು ಬಳಿದು ಅಂಟಿಸಿದ್ದಾರೆ. ಇವು ಯಾವ ಕಾಲದವು, ಹಾಳೆಯಿಂದ ಹೇಗೆ ಬಿಡಿಸಬೇಕು, ಆಮೇಲೆ ಎಲ್ಲಿ ಇಡಬೇಕು ಅನ್ನೋದು ಪ್ರಶ್ನೆ. ಉದಾಹರಣೆಗೆ ನಾಲ್ಕು ಕಾರ್ಡಿನ ವಿವರ ಹಾಕ್ತಿದ್ದೀನಿ.

ಮೊದಲನೇದು ಬಣ್ಣದ್ದು, ಅಠಾರಾ ಕಚೇರಿ (ಈಗಿನ ಹೈಕೋರ್ಟ್ ಕಟ್ಟಡ). ಹಿಂಬದಿಯಲ್ಲಿ ನಡುಗೆರೆ ಇಲ್ಲ, ವಿಳಾಸ ಮಾತ್ರ ಬರೆಯಿರಿ ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಒಕ್ಕಣೆಯನ್ನು ಚಿತ್ರದ ಕೆಳಗಿನ ಬಿಳಿ ಜಾಗದಲ್ಲೇ ಇಕ್ಕಟ್ಟಾಗಿ ಬರೆದಿದ್ದಾರೆ.

ಎರಡನೇದರ ಶೀರ್ಷಿಕೆ ‘ಸೌತ್ ಪರೇಡ್, ಬ್ಯಾಂಗಲೋರ್’. ಜಟಕಾ, ಎತ್ತಿನಗಾಡಿ, ರಸ್ತೆ ಬದಿ ತಂತಿ ಎಳೆದ ಕಂಬಗಳು. ಹಿಂದೆ ನಡುಗೆರೆ ಇದೆ, ‘ಪ್ರಿಂಟೆಡ್ ಇನ್ ಜರ್ಮನಿ’ ಅಂತಿದೆ. ಬೂದು ಬಣ್ಣದ ಮೂರು ಪೈ ಸ್ಟಾಂಪು, ಗಡ್ಡ ಬಿಟ್ಟ ರಾಜ. ಠಸ್ಸೆ ಅರ್ಧ ಮಾತ್ರ ಬಿದ್ದಿದೆ, ಕೊನೆಗೆ 08 ಕಾಣುತ್ತೆ.

ಮೂರನೇದು ಲಾಲ್‌ಬಾಗಿನ ಗಾಜಿನ ಮನೆ, ಕಪ್ಪು ಬಿಳುಪು. ಅಂಚಿನಲ್ಲಿ ಕಪ್ಪಾಗಿರೋ ಕಡೆ ಬೆಳ್ಳಿ ಬಣ್ಣದ ಹೊಳಪು ಬಂದಿದೆ. ಅಂಚೆಗೆ ಹಾಕಿಲ್ಲ. ಸ್ಟಾಂಪ್ ಅಂಟಿಸುವ ಚೌಕದ ಸುತ್ತ ‘ಅಜೋ’ ಅಂತ ಇಂಗ್ಲಿಷ್ ಅಕ್ಷರ, ಮೂಲೆಗಳಲ್ಲಿ ಸಣ್ಣ ತ್ರಿಕೋನ, ಎರಡು ಮೇಲ್ಮುಖ, ಎರಡು ಕೆಳಮುಖ.

ನಾಲ್ಕನೇದು ಕಬ್ಬನ್ ಪಾರ್ಕಿನ ವಿಕ್ಟೋರಿಯಾ ರಾಣಿ ಪ್ರತಿಮೆ. ಬೇರೆಯವಕ್ಕಿಂತ ತುಂಬ ಬೆಳ್ಳಗಿದೆ, ಮೂಲೆ ಚೂಪಾಗಿದೆ. ಇದರ ಮೇಲೆ ಅನುಮಾನ. ಇದು ಆಲ್ಬಂ ಒಳಗೆ ಬಿಡಿಯಾಗಿ ಇತ್ತು.

ಮೊಳೆಜೋಡಣೆ, ಕೋಲಾರ

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಒಂದು ಕಾರ್ಡಿಗೆ ಮೂರು ಕಾಲ ಇರುತ್ತೆ: ಫೋಟೋ ತೆಗೆದದ್ದು, ಅಚ್ಚಾದದ್ದು, ಅಂಚೆಗೆ ಬಿದ್ದದ್ದು. ಮೂರೂ ಒಂದೇ ವರ್ಷ ಆಗಿರಬೇಕಿಲ್ಲ. ಒಂದೇ ನೆಗೆಟಿವ್‌ನಿಂದ ಪ್ರಕಾಶಕರು ವರ್ಷಗಟ್ಟಲೆ ಅಚ್ಚು ಹಾಕಿಸೋರು, ಅಂಗಡಿಯಲ್ಲಿ ಉಳಿದ ಸರಕು ಇನ್ನೂ ಕೆಲವು ವರ್ಷ ಮಾರಾಟ ಆಗೋದು. ಠಸ್ಸೆಯಲ್ಲಿ 08 ಇದ್ದರೆ ಕಾರ್ಡು 1908ಕ್ಕಿಂತ ಈಚಿನದಲ್ಲ ಅಂತಷ್ಟೇ ಹೇಳಬಹುದು. ಫೋಟೋ ಅದಕ್ಕೂ ಮುಂಚಿನದಿರಬಹುದು. ಆನ್‌ಲೈನಿನಲ್ಲಿ ‘1908ರ ಬೆಂಗಳೂರು’ ಅಂತ ಓಡಾಡೋ ಚಿತ್ರಗಳಲ್ಲಿ ಎಷ್ಟೋ ಇದೇ ಗೊಂದಲದವು. ನಿಮ್ಮ ಪಟ್ಟಿಯಲ್ಲಿ ಮೂರಕ್ಕೂ ಬೇರೆ ಬೇರೆ ಕಾಲಂ ಮಾಡಿ.

ಅಚ್ಚಿನ ಕಾಲಕ್ಕೆ ಹಿಂಬದಿ ನೋಡಬೇಕು. ಶುರುವಿನಲ್ಲಿ ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು, ಬರೆಯೋದೇನಿದ್ದರೂ ಚಿತ್ರದ ಕಡೆ. ವಿಳಾಸದ ಬದಿಯಲ್ಲೇ ಎಡಗಡೆ ಒಕ್ಕಣೆ ಬರೆಯಲು ಬ್ರಿಟನ್ 1902ರಲ್ಲಿ ಒಪ್ಪಿತು, ಜರ್ಮನಿ 1905ರಲ್ಲಿ, ಅಮೆರಿಕ 1907ರಲ್ಲಿ. ಅಲ್ಲಿಂದ ನಡುಗೆರೆಯ ಕಾರ್ಡುಗಳು ಎಲ್ಲ ಕಡೆ ಬಂದವು. ಹಾಗಾಗಿ ನಿಮ್ಮ ಅಠಾರಾ ಕಚೇರಿ ಕಾರ್ಡಿನ ಅಚ್ಚು 20ನೇ ಶತಮಾನದ ಮೊದಲ ಕೆಲವು ವರ್ಷಗಳದ್ದು ಅಥವಾ ಅದಕ್ಕೂ ಸ್ವಲ್ಪ ಹಿಂದಿನದು. ಚಿತ್ರದಿಂದ ಇದಕ್ಕೆ ಹೆಚ್ಚು ಸಹಾಯ ಸಿಗಲ್ಲ. ಕಟ್ಟಡ 1868ಕ್ಕೇ ಮುಗಿದಿತ್ತು, ಎದುರಿನ ವಿಧಾನಸೌಧದ ಅಡಿಗಲ್ಲು ಬಿದ್ದದ್ದು 1951ರಲ್ಲಿ. ನಡುವಿನ ಅವಧಿ ತೀರಾ ದೊಡ್ಡದು.

ಆ ಬಣ್ಣವನ್ನು ಸಾಕ್ಷಿಯಾಗಿ ತಗೋಬೇಡಿ. ಆ ಕಾಲದ ಬಣ್ಣದ ಕಾರ್ಡಿನ ಮೂಲ ಕಪ್ಪು ಬಿಳುಪು ಫೋಟೋ. ಬಣ್ಣ ಸೇರಿಸಿದ್ದು ಅಚ್ಚಿನ ಮನೆಯಲ್ಲಿ, ಬಹಳ ಸಲ ಯುರೋಪಿನಲ್ಲಿ. ಆಕಾಶ, ಮರ, ಜನರ ಬಟ್ಟೆ ಎಲ್ಲ ಅಲ್ಲಿಯ ಕೆಲಸಗಾರರ ಊಹೆ. ಮೋಡ ಹೊಸದಾಗಿ ಬರೆದಿರುತ್ತಾರೆ, ತಂತಿಗಳನ್ನು ಅಳಿಸಿರುತ್ತಾರೆ. ಒಂದೇ ಚಿತ್ರದ ಕಪ್ಪು ಬಿಳುಪು ಆವೃತ್ತಿ ಸಿಕ್ಕಿದರೆ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ತಾನಾಗೇ ಗೊತ್ತಾಗುತ್ತೆ. ಕೆಲವು ಸಲ ನೆಗೆಟಿವ್ ಮಗುಚಿ ಅಚ್ಚಾಗಿ ಎಡ ಬಲ ಅದಲುಬದಲಾಗಿರುತ್ತೆ. ಅಂಗಡಿ ಬೋರ್ಡಿನ ಅಕ್ಷರ ಮತ್ತು ಗಾಡಿಗಳು ರಸ್ತೆಯ ಎಡಕ್ಕೇ ಇವೆಯಾ ಅನ್ನೋದನ್ನು ನೋಡಿ.

ಸೌತ್ ಪರೇಡ್ ಕಾರ್ಡು ಒಳ್ಳೇದು. ‘ಪ್ರಿಂಟೆಡ್ ಇನ್ ಜರ್ಮನಿ’ ಅಂದರೆ ಬಹುತೇಕ 1914ರ ಯುದ್ಧಕ್ಕೆ ಮೊದಲಿನ ಅಚ್ಚು. ಆಮೇಲೆ ಆ ವ್ಯಾಪಾರ ನಿಂತುಹೋಯ್ತು. ಹೆಸರಂತೂ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆ ಆಯ್ತು. ಹಿಂಬದಿಯಲ್ಲಿ, ಇಲ್ಲಾ ಚಿತ್ರದ ಕೆಳಗೆ ತೀರಾ ಸಣ್ಣ ಅಕ್ಷರದಲ್ಲಿ ಪ್ರಕಾಶಕರ ಹೆಸರು ಇದೆಯಾ ನೋಡಿ. ಅದೇ ರಸ್ತೆಯಲ್ಲಿ ಅಂಗಡಿಯಿದ್ದ ಹಿಗಿನ್‌ಬಾಥಮ್ಸ್‌ನವರು ಬೆಂಗಳೂರು ಮತ್ತು ಮದ್ರಾಸಿನ ಕಾರ್ಡುಗಳನ್ನು ಪ್ರಕಟಿಸಿದ್ದಾರೆ. ಲಂಡನ್ನಿನ ರಾಫೆಲ್ ಟಕ್ ಕಂಪನಿಯ ‘ಆಯಿಲೆಟ್’ ಮಾಲೆಯಲ್ಲೂ ಭಾರತದ ಊರುಗಳಿವೆ. ಟಕ್ ಕಚೇರಿ 1940ರ ಡಿಸೆಂಬರ್ 29ರ ಬಾಂಬ್ ದಾಳಿಯಲ್ಲಿ ದಾಖಲೆ ಸಮೇತ ಸುಟ್ಟುಹೋಯ್ತು. ಅದಕ್ಕೇ ಅವರ ಕಾರ್ಡಿನ ಮೇಲಿರೋ ಮಾಲೆ ಸಂಖ್ಯೆಯೇ ಈಗ ಆಧಾರ. ಅದನ್ನು ಬಿಡದೆ ಬರೆದುಕೊಳ್ಳಿ.

ಕಂಬಗಳ ವಿಚಾರದಲ್ಲಿ ಅವಸರ ಬೇಡ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟಿನಲ್ಲಿ, ಶಿವನಸಮುದ್ರದಿಂದ. ನಮ್ಮ ಕೆಜಿಎಫ್ ಗಣಿಗೆ ಅದೇ ಕರೆಂಟು 1902ರಲ್ಲೇ ಬಂದಿತ್ತು. ಆದರೆ ಟೆಲಿಗ್ರಾಫ್ ಕಂಬ ಅದಕ್ಕೂ ಎಷ್ಟೋ ಹಿಂದಿನಿಂದ ಇತ್ತು. ಅಡ್ಡಪಟ್ಟಿಗಳ ಮೇಲೆ ಸಾಲಾಗಿ ಪಿಂಗಾಣಿ ಬಟ್ಟಲು ಕೂತಿದ್ದು, ದೀಪ ಇಲ್ಲದಿದ್ದರೆ ಅದು ಟೆಲಿಗ್ರಾಫ್ ಅಥವಾ ಟೆಲಿಫೋನಿನದು ಇರಬಹುದು. ಕಂಬದ ತೋಳಿನಿಂದ ರಸ್ತೆ ಕಡೆಗೆ ದೀಪ ಚಾಚಿದ್ದು, ಅದಕ್ಕೆ ತಂತಿ ಹೋಗಿದ್ದರೆ ಮಾತ್ರ 1905ರ ಈಚೆಗೆ ಅನ್ನಿ.

ಗಾಜಿನ ಮನೆ ಕಾರ್ಡು ಅಚ್ಚಿನದಲ್ಲ, ನಿಜವಾದ ಫೋಟೋ. ನೆಗೆಟಿವ್‌ನಿಂದ ನೇರ ಫೋಟೋ ಕಾಗದದ ಮೇಲೆ ತೊಳೆದದ್ದು. ಆ ಬೆಳ್ಳಿ ಹೊಳಪು ಅದರದೇ ಗುರುತು: ಚಿತ್ರದೊಳಗಿನ ಬೆಳ್ಳಿ ತೇವ ಮತ್ತು ಕೆಟ್ಟ ಗಾಳಿಗೆ ಕರಗಿ, ಮೇಲೆ ಬಂದು ಮತ್ತೆ ಬೆಳ್ಳಿಯಾಗಿ ಕೂತಿರುತ್ತೆ. ಒರೆಸಲು ಹೋಗಬೇಡಿ, ಒರೆಸಿದರೆ ಚಿತ್ರವೇ ಹೋಗುತ್ತೆ. ಅಜೋ ಅನ್ನೋದು ಫೋಟೋ ಕಾಗದದ ಹೆಸರು, ಅದರ ತ್ರಿಕೋನಗಳಿಗೆ ಸಂಗ್ರಾಹಕರ ಲೆಕ್ಕ ಹೀಗಿದೆ: ನಾಲ್ಕೂ ಮೇಲ್ಮುಖವಾದರೆ 1904ರಿಂದ 1918, ಎರಡು ಮೇಲೆ ಎರಡು ಕೆಳಗೆ ಆದರೆ 1918ರಿಂದ 1930, ಚೌಕಗಳಾದರೆ 1925ರಿಂದ 1940ರ ದಶಕ. ಇದು ಕಾಗದದ ಕಾಲ. ಚಿತ್ರದೊಳಗೂ ಒಂದು ಗುರುತಿದೆ. ಗಾಜಿನ ಮನೆಗೆ ಅಡಿಗಲ್ಲು 1889ರ ನವೆಂಬರ್ 30ರಂದು, ಪೂರ್ವದ ರೆಕ್ಕೆಯನ್ನು ಸೇರಿಸಿದ್ದು 1935ರಲ್ಲಿ. ಆ ರೆಕ್ಕೆ ಇಲ್ಲದ ನೋಟವಾದರೆ ಎರಡೂ ಕಡೆಯ ಲೆಕ್ಕ ಕೂಡಿಬರುತ್ತೆ.

ಎಲ್ಲ ಕಾರ್ಡಿಗೂ ಹತ್ತರಷ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಬೇಕೇ ಬೇಕು. ಅಕ್ಕಸಾಲಿಗರು, ಗಡಿಯಾರ ರಿಪೇರಿಯವರು ಬಳಸೋ ಅಂಥದ್ದೇ ಸಾಕು. ಸಾಲುಸಾಲಾಗಿ ಚುಕ್ಕಿ ಕಂಡರೆ ಹಾಫ್‌ಟೋನ್ ಅಚ್ಚು. ಚುಕ್ಕಿ ಇಲ್ಲದೆ ಅಂಕುಡೊಂಕಾದ ಸೂಕ್ಷ್ಮ ಸುಕ್ಕು ಕಂಡರೆ ಕಾಲೋಟೈಪ್, ಆ ಕಾಲದ ಒಳ್ಳೇ ಅಚ್ಚುಗಳಲ್ಲಿ ಒಂದು. ಯಾವ ಕಣವೂ ಕಾಣದೆ ಕಪ್ಪಿನಿಂದ ಬಿಳುಪಿಗೆ ನಯವಾಗಿ ಹರಿದಿದ್ದರೆ ನಿಜ ಫೋಟೋ. ಕಾಲೋಟೈಪಿನಲ್ಲಿ ದೂರದ ಅಂಗಡಿ ಬೋರ್ಡು ಕೂಡ ಓದಬಹುದು. ಹಾಫ್‌ಟೋನಿನಲ್ಲಿ ಅದು ಚುಕ್ಕಿಯೊಳಗೆ ಮುಳುಗಿಹೋಗಿರುತ್ತೆ.

ಠಸ್ಸೆ, ರಾಬರ್ಟ್‌ಸನ್‌ಪೇಟೆ

ಮೇಲಿನವರು ಬಿಟ್ಟ ಅಂಚೆ ಭಾಗ ನಾನು ಹೇಳ್ತೀನಿ.

ಸ್ಟಾಂಪಿನ ಮೇಲಿನ ರಾಜ ಯಾರು ಅನ್ನೋದು ಮುಖ್ಯ. ಏಳನೇ ಎಡ್ವರ್ಡ್ ಸ್ಟಾಂಪುಗಳು ಇಲ್ಲಿ 1902ರಿಂದ, ಐದನೇ ಜಾರ್ಜ್ 1911ರಿಂದ. ಇಬ್ಬರಿಗೂ ಗಡ್ಡ, ಇಬ್ಬರದ್ದೂ ಮೂರು ಪೈ ಸ್ಟಾಂಪು ಬೂದು ಬಣ್ಣ. ಜಾರ್ಜ್‌ಗೆ ತಲೆ ಮೇಲೆ ಕಿರೀಟ. ನಿಮ್ಮದರಲ್ಲಿ 08 ಇರೋದರಿಂದ ಎಡ್ವರ್ಡ್ ಇರಬೇಕು. ಅಕಸ್ಮಾತ್ ಕಿರೀಟ ಕಂಡರೆ 08 ವರ್ಷ ಅಲ್ಲ, ಬೇರೆ ಏನೋ ಅಂಕಿ, ಮತ್ತೆ ಓದಿ. ಹನ್ನೆರಡು ಪೈಗೆ ಒಂದಾಣೆ, ಮೂರು ಪೈ ಅಂದರೆ ಕಾಲಾಣೆ. ದೇಶದೊಳಗಿನ ಕಾರ್ಡಿನ ದರ 1879ರಿಂದಲೂ ಅಷ್ಟೇ ಇತ್ತು, 1922ರಲ್ಲಿ ಅರ್ಧಾಣೆ ಆಯ್ತು. ಎಡ್ವರ್ಡ್ ಕಾಲದ ಒಂದಾಣೆ ಸ್ಟಾಂಪಿದ್ದರೆ ಕಾರ್ಡು ಸಾಮಾನ್ಯವಾಗಿ ವಿದೇಶಕ್ಕೆ ಹೋದದ್ದು. ಈಚಿನ ಕಾರ್ಡಿಗೆ ಇನ್ನೂ ಸುಲಭ: ನಯೇ ಪೈಸೆ 1957ರಿಂದ, ಪಿನ್‌ಕೋಡ್ 1972ರಿಂದ.

ಮೈಸೂರು ಸಂಸ್ಥಾನದ ಸ್ಟಾಂಪು ಯಾಕಿಲ್ಲ ಅಂತ ಕೆಲವರು ಕೇಳ್ತಾರೆ. ಮೈಸೂರು ಅಂಚೆ 1889ರಲ್ಲೇ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯ್ತು, ಚಿತ್ರದ ಕಾರ್ಡಿನ ಕಾಲ ಅದರ ನಂತರದ್ದು.

ಠಸ್ಸೆ ಓದೋಕೆ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಕಾರ್ಡಿನ ಮಟ್ಟಕ್ಕೆ ಪಕ್ಕದಿಂದ ಹಿಡಿಯಿರಿ. ಶಾಯಿ ಮಾಸಿದ್ದರೂ ಲೋಹದ ಮುದ್ರೆ ಕಾಗದದಲ್ಲಿ ಒತ್ತಿದ ಗುಳಿ ನೆರಳಾಗಿ ಕಾಣುತ್ತೆ. ಒಂದು ಸುತ್ತು ತಿರುಗಿಸುತ್ತಾ ನಾಲ್ಕೈದು ಫೋಟೋ ತೆಗೆದು, ಕಪ್ಪು ಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿ. ದಿನ, ತಿಂಗಳ ಎರಡಕ್ಷರ, ವರ್ಷದ ಎರಡಂಕಿ, ಈ ಕ್ರಮದಲ್ಲಿ ಇರುತ್ತೆ. ‘ಬ್ಯಾಂಗಲೋರ್ ಕಂಟೋನ್ಮೆಂಟ್’, ‘ಬ್ಯಾಂಗಲೋರ್ ಸಿಟಿ’ ಎರಡೂ ಬೇರೆ ಬೇರೆ. ದಂಡು ಪ್ರದೇಶ ಮತ್ತು ಪೇಟೆ ಆಗ ಬೇರೆ ಬೇರೆ ಆಡಳಿತದಲ್ಲಿದ್ದವು, ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ತಲುಪಿದ ಊರಿನ ಠಸ್ಸೆಯೂ ಬಿದ್ದಿರಬಹುದು. ‘ಟುಮ್ಕೂರ್’ ಅಂತ ಇದ್ದರೆ ನಿಮ್ಮ ಊರಿನ ಇತಿಹಾಸಕ್ಕೂ ಅದು ಕಾಗದ; ರೈಲು ತುಮಕೂರಿಗೆ 1884ರಲ್ಲೇ ಬಂದಿತ್ತು. ಬೆಂಗಳೂರಿನ ಚಿತ್ರ, ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಅಥವಾ ಊರಿಗಾಂ ಠಸ್ಸೆ ಇರೋ ಕಾರ್ಡೇನಾದರೂ ಆ ಆಲ್ಬಂನಲ್ಲಿ ಇದ್ದರೆ ದಯವಿಟ್ಟು ಇಲ್ಲಿ ಹಾಕಿ, ಗಣಿಯವರು ಬರೆದ ಒಕ್ಕಣೆ ನಮಗೆ ಬಹಳ ಬೇಕಾದದ್ದು.

ಯಾವ ಕಾರಣಕ್ಕೂ ಸ್ಟಾಂಪು ಕೀಳಬೇಡಿ. ಆ ಮೂರು ಪೈ ಸ್ಟಾಂಪು ಬಿಡಿಯಾಗಿ ಎಲ್ಲೆಲ್ಲೂ ಸಿಗುತ್ತೆ. ಕಾರ್ಡಿನ ಮೇಲೆ, ಠಸ್ಸೆಯ ಜೊತೆ ಇದ್ದಾಗ ಮಾತ್ರ ಅದಕ್ಕೆ ಅರ್ಥ.

ಹೊಸ ಸದಸ್ಯ, ಗುಬ್ಬಿ

ಇಷ್ಟೆಲ್ಲ ಯಾಕೆ, ಬಿಸಿ ನೀರಿನ ಹಬೆ ಹಿಡಿದರೆ ಗೋಂದು ಬಿಡುತ್ತಲ್ವಾ? ಆಮೇಲೆ ಲ್ಯಾಮಿನೇಷನ್ ಮಾಡಿಸಿ, ಬೀರುವಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟರೆ ಆಯ್ತು.

ರಟ್ಟುಕಟ್ಟು, ಚಿಕ್ಕಬಳ್ಳಾಪುರ

ಗುಬ್ಬಿಯವರೇ, ಬೇಸರ ಮಾಡ್ಕೋಬೇಡಿ, ಮೂರೂ ಬೇಡ. ಕಾರಣ ಹೇಳ್ತೀನಿ.

ಹಬೆ ತಗುಲಿದರೆ ನಿಜ ಫೋಟೋದ ಮೇಲಿನ ಜೆಲಟಿನ್ ಪದರ ಉಬ್ಬಿ ಅಂಟಂಟಾಗುತ್ತೆ, ಬೆರಳಚ್ಚು ಶಾಶ್ವತವಾಗಿ ಕೂರುತ್ತೆ. ಅಚ್ಚಿನ ಕಾರ್ಡಿನಲ್ಲಿ ಹೊಳಪಿನ ಲೇಪ ಕಿತ್ತುಬರುತ್ತೆ. ಹಿಂದೆ ಬರೆದದ್ದು ಕಾಪಿಯಿಂಗ್ ಪೆನ್ಸಿಲ್ ಆಗಿದ್ದರೆ ಒಣಗಿದ್ದಾಗ ಮಾಮೂಲಿ ಸೀಸದ ಬಣ್ಣ, ತೇವ ತಗುಲಿದ ಕೂಡಲೇ ನೇರಳೆಯಾಗಿ ಹರಡುತ್ತೆ; ಇಡೀ ಒಕ್ಕಣೆ ಹೋಗುತ್ತೆ. ಲ್ಯಾಮಿನೇಷನ್ ಬಿಸಿ ಅಂಟು ಕಾಗದದ ಒಳಗೇ ಇಳಿಯುತ್ತೆ, ಮತ್ತೆ ತೆಗೆಯಲು ಬರಲ್ಲ, ಕಾರ್ಡು ಕಾರ್ಡಾಗಿ ಉಳಿಯಲ್ಲ. ನುಸಿಗುಳಿಗೆಯ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತೆ, ಆ ವಾಸನೆ ಕಾಗದದಿಂದ ಹೋಗೋದೇ ಇಲ್ಲ, ಮನೆಯವರ ಉಸಿರಿಗೂ ಒಳ್ಳೇದಲ್ಲ.

ಬಟವಾಡಿಯವರೇ, ಕಾರ್ಡು ತೆಗೆಯೋ ಮೊದಲು ಆಲ್ಬಂನ ಪ್ರತಿ ಪುಟವನ್ನೂ ಇದ್ದಂತೆ ಫೋಟೋ ತೆಗೆದು ಪುಟ ಸಂಖ್ಯೆ ಹಾಕಿ. ಯಾರೋ ಒಂದು ಕ್ರಮದಲ್ಲಿ ಜೋಡಿಸಿದ್ದಾರೆ, ಆ ಕ್ರಮವೂ ಮಾಹಿತಿ. ಮೂಲೆಗೆ ಸಿಕ್ಕಿಸಿದ ಕಾರ್ಡು ತೆಗೆಯುವಾಗ ಕಾರ್ಡನ್ನು ಬಗ್ಗಿಸಬೇಡಿ, ಕಾಗದದ ಮೂಲೆಯನ್ನೇ ಬ್ಲೇಡಿನಿಂದ ಸೀಳಿ ಬಿಚ್ಚಿ. ಹಳೇ ಫೋಟೋ ಕಾರ್ಡು ಬಗ್ಗಿದರೆ ಮೇಲ್ಪದರ ಬಿರುಕು ಬಿಡುತ್ತೆ, ಆ ಬಿರುಕು ಮತ್ತೆ ಕೂಡಲ್ಲ.

ಗೋಂದು ಹಾಕಿದವಕ್ಕೆ ತಾಳ್ಮೆ ಬೇಕು. ಮೊದಲು ಆಲ್ಬಂ ಹಾಳೆಯನ್ನು ಕಾರ್ಡಿನ ಸುತ್ತ ಅರ್ಧ ಸೆಂಟಿಮೀಟರ್ ಜಾಗ ಬಿಟ್ಟು ಕತ್ತರಿಸಿ ಬೇರೆ ಮಾಡಿ. ಹಾಳೆಯ ಹಿಂದುಗಡೆಯೂ ಕಾರ್ಡು ಅಂಟಿಸಿದ್ದರೆ ಕತ್ತರಿ ಹಾಕುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಕಾರ್ಡಿನ ಮುಖ ಕೆಳಗೆ ಮಾಡಿ ಬಿಳಿ ಬ್ಲಾಟಿಂಗ್ ಪೇಪರ್ ಮೇಲೆ ಇಡಿ. ಈಗ ಕಾರ್ಡನ್ನು ಹಾಳೆಯಿಂದ ಎಳೆಯಬಾರದು, ಹಾಳೆಯನ್ನು ಕಾರ್ಡಿನಿಂದ ಸುಲಿಯಬೇಕು. ಕಪ್ಪು ಹಾಳೆ ಮೃದು ಕಾಗದ, ಪದರ ಪದರವಾಗಿ ಬರುತ್ತೆ. ಒಂದು ಮೂಲೆಯಿಂದ ಶುರುಮಾಡಿ, ಸುಲಿಯುವ ಪದರವನ್ನು ಪೂರ್ತಿ ಹಿಂದಕ್ಕೆ ಮಡಚಿ ಕಾರ್ಡಿಗೆ ಸಮನಾಗಿ ಎಳೆಯಿರಿ. ಮೇಲಕ್ಕೆ ಎಳೆದರೆ ಕಾರ್ಡಿನ ಹಿಂಬದಿಯೇ ಹರಿದು ಬರುತ್ತೆ. ನಾಲ್ಕು ಮೂಲೆಗೆ ಮಾತ್ರ ಗೋಂದಿನ ಬೊಟ್ಟು ಇದ್ದರೆ ಮೇಣ ಹಚ್ಚಿರದ ಹಲ್ಲಿನ ಫ್ಲಾಸ್ ದಾರವನ್ನು ನಡುವೆ ತೂರಿಸಿ ಗರಗಸದ ಹಾಗೆ ಆಡಿಸಿದರೆ ಬಿಡುತ್ತೆ. ಕೊನೆಗೆ ತೆಳುವಾದ ಕಪ್ಪು ಪದರ ಉಳಿದರೆ ಹಾಗೇ ಬಿಡಿ. ಅದರ ಕೆಳಗೆ ಬರಹ ಇರುವುದು ಖಚಿತವಾಗಿದ್ದರೆ ಮಾತ್ರ ಮುಂದಿನ ಹೆಜ್ಜೆ: ಮೀಥೈಲ್ ಸೆಲ್ಯುಲೋಸ್ ಪುಡಿಯನ್ನು ನೀರಿನಲ್ಲಿ ಶೇಕಡಾ 4ರಷ್ಟು ಗಟ್ಟಿ ಲೋಳೆಯಾಗಿ ಕಲಸಿ, ಉಳಿದ ಕಪ್ಪು ಕಾಗದದ ಮೇಲಷ್ಟೇ ತೆಳುವಾಗಿ ಬಳಿದು 10ರಿಂದ 15 ನಿಮಿಷ ಬಿಟ್ಟು ಮೊಂಡು ಚಾಕುವಿನಿಂದ ತೆಗೆಯೋದು. ಇದರ ಗುಣ ಏನೆಂದರೆ ನೀರನ್ನು ನಿಧಾನವಾಗಿ ಬಿಡುತ್ತೆ, ಕಾರ್ಡು ನೆನೆಯುವ ಮುಂಚೆ ಗೋಂದು ಸಡಿಲವಾಗುತ್ತೆ. ನಿಜ ಫೋಟೋಗೆ, ನೇರಳೆ ಶಾಯಿಗೆ ಇದು ಬೇಡ. ಮೊದಲ ಪ್ರಯೋಗ ಬೆಲೆಯಿಲ್ಲದ ಕಾರ್ಡಿನ ಮೇಲೆ ಆಗಲಿ. ಆಮೇಲೆ ಎರಡು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಮೇಲೆ ಎರಡು ಮೂರು ಕೆಜಿ ಭಾರ ಹೇರಿ, ಬ್ಲಾಟಿಂಗ್ ಪೇಪರ್ ಬದಲಾಯಿಸುತ್ತಾ ಪೂರ್ತಿ ಒಣಗುವವರೆಗೆ ಬಿಡಿ.

ಇಡೋದಕ್ಕೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಚೀಲ. ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಮೆತ್ತನೆಯ, ಹೊಸ ರೆಕ್ಸಿನ್ ವಾಸನೆ ಬರುವ ಪ್ಲಾಸ್ಟಿಕ್ ಪಿವಿಸಿ. ಅದನ್ನು ಮೆತ್ತಗಿಡೋ ಎಣ್ಣೆಯಂಥ ಪದಾರ್ಥ ಹೊರಬಂದು ಚಿತ್ರಕ್ಕೆ ಅಂಟುತ್ತೆ, ಹಳತಾದಂತೆ ಆಮ್ಲವೂ ಬಿಡುತ್ತೆ. ಪುಟದ ಮೇಲೆ ಅಂಟು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಇರೋ ಮದುವೆ ಆಲ್ಬಂ ಮಾದರಿಯೂ ಬೇಡ. ಹಳೇ ಕಾರ್ಡಿನ ಅಳತೆ 140 ಗುಣಿಸು 89 ಮಿಲಿಮೀಟರ್. ಚೀಲ ಎರಡೂ ಕಡೆ ನಾಲ್ಕೈದು ಮಿಲಿಮೀಟರ್ ದೊಡ್ಡದಿರಲಿ, ಬಿಗಿಯಾದರೆ ಹಾಕುವಾಗಲೇ ಮೂಲೆ ಮುರಿಯುತ್ತೆ. ಚೀಲದಲ್ಲಿ ಹಾಕಿ ರಟ್ಟಿನ ಡಬ್ಬದಲ್ಲಿ ನಿಲ್ಲಿಸಿಡಿ, ವಾಲದಷ್ಟು ತುಂಬಿರಲಿ, ತುರುಕಬೇಡಿ. ರಬ್ಬರ್ ಬ್ಯಾಂಡ್ ಬೇಡ.

ನಮ್ಮ ಮೂರೂ ಜಿಲ್ಲೆಯಲ್ಲಿ ಬೇಸಿಗೆಯ ಒಣಹವೆಗಿಂತ ಆಗಸ್ಟಿನಿಂದ ಅಕ್ಟೋಬರ್ ತನಕದ ತೇವವೇ ಹೆಚ್ಚು ಕೆಡಿಸೋದು. ಹೊರಗೋಡೆಯೊಳಗೆ ಕೂರಿಸಿದ ಗೋಡೆ ಬೀರುವಿನಲ್ಲಿ ಇಡಬೇಡಿ, ಮಳೆ ನೀರು ಗೋಡೆ ಹೀರಿ ಒಳಗೆ ಬೂಷ್ಟು ಬರುತ್ತೆ. ಒಳಗೋಡೆಯ ಕಡೆಗೆ ಇರುವ ಕಬ್ಬಿಣದ ಬೀರು, ನಡು ತಟ್ಟೆ ಒಳ್ಳೇದು. ತೇವಾಂಶ ಶೇಕಡಾ 35ರಿಂದ 50ರೊಳಗೆ ಇರಬೇಕು, ಅಳೆಯೋ ಸಣ್ಣ ಮೀಟರ್ ಒಳಗಿಡಿ. ಸಿಲಿಕಾ ಜೆಲ್ ಹಾಕಿದರೆ ಬಣ್ಣ ಬದಲಾದಾಗ ತೆಗೆದು ಒಣಗಿಸಬೇಕು, ಒಂದು ಸಲ ಹಾಕಿ ಮರೆತರೆ ಪ್ರಯೋಜನ ಇಲ್ಲ. ಆಲ್ಬಂನಲ್ಲಿ ಹುಳ ಓಡಾಡಿದ ಗುರುತಿದ್ದರೆ ಔಷಧಿ ಹೊಡೆಯಬೇಡಿ. ಕಾರ್ಡುಗಳನ್ನು ಜಿಪ್ ಚೀಲಕ್ಕೆ ಹಾಕಿ, ಗಾಳಿ ತೆಗೆದು, ಮತ್ತೊಂದು ಚೀಲದೊಳಗೆ ಇಟ್ಟು, ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿನ ಫ್ರೀಜರಿನಲ್ಲಿ ಎರಡು ವಾರ ಬಿಡಿ. ತೆಗೆದ ಮೇಲೆ ಚೀಲ ಬಿಚ್ಚದೆ 24 ಗಂಟೆ ಹೊರಗೇ ಇರಲಿ. ಬೇಗ ಬಿಚ್ಚಿದರೆ ತಣ್ಣಗಿನ ಕಾರ್ಡಿನ ಮೇಲೆ ನೀರು ಹನಿಕಟ್ಟುತ್ತೆ.

ಬಟವಾಡಿ, ತುಮಕೂರು

ತುಂಬ ಧನ್ಯವಾದ ಎಲ್ಲರಿಗೂ. ಎರಡನೇ ಕಾರ್ಡಿನ ರಾಜನಿಗೆ ಕಿರೀಟ ಇಲ್ಲ. ಪಕ್ಕದಿಂದ ಟಾರ್ಚ್ ಹಿಡಿದಾಗ ‘ಕಂಟೋನ್ಮೆಂಟ್’ನ ಕೊನೆಯ ನಾಲ್ಕಕ್ಷರ ಕಂಡವು. ಕಂಬಗಳಿಗೆ ಅಡ್ಡಪಟ್ಟಿ, ಬಟ್ಟಲು ಇವೆ, ದೀಪ ಇಲ್ಲ. ಗಾಜಿನ ಮನೆ ಫೋಟೋ ಪಡುವಣದಿಂದ ತೆಗೆದಂತಿದೆ, ಪೂರ್ವದ ರೆಕ್ಕೆ ಇದೆಯೋ ಇಲ್ಲವೋ ಹೇಳೋಕಾಗಲ್ಲ. ನಾಲ್ಕನೇ ಕಾರ್ಡಿನ ವಿಚಾರ ಯಾರೂ ಹೇಳಲಿಲ್ಲ. ಸ್ಕ್ಯಾನ್ ಎಷ್ಟು ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ) ಮಾಡಿಸಬೇಕು ಅನ್ನೋದನ್ನೂ ತಿಳಿಸಿ, ಇಲ್ಲಿ ಜೆರಾಕ್ಸ್ ಅಂಗಡಿಯವರು 300 ಸಾಕು ಅಂತಾರೆ.

ಮೊಳೆಜೋಡಣೆ, ಕೋಲಾರ

ಹಾಗಾದರೆ ಗಾಜಿನ ಮನೆ ಕಾರ್ಡಿಗೆ ಕಾಗದದ ಕಾಲ ಮಾತ್ರ ಬರೆಯಿರಿ, ಫೋಟೋ ಕಾಲಂ ಖಾಲಿ ಬಿಡಿ. ಸೌತ್ ಪರೇಡಿಗೆ ‘1908 ಅಥವಾ ಅದಕ್ಕೆ ಮೊದಲು’. ಕಂಬದಿಂದ ಮತ್ತೇನೂ ಸಾಬೀತಾಗಲ್ಲ.

ನಾಲ್ಕನೇದನ್ನು ಹೀಗೆ ಪರೀಕ್ಷಿಸಿ. ಆ ಪ್ರತಿಮೆ ಅನಾವರಣ ಆದದ್ದು 1906ರ ಫೆಬ್ರವರಿ 5ರಂದು, ಚಿತ್ರ ಅದಕ್ಕಿಂತ ಹಿಂದಿನದಂತೂ ಅಲ್ಲ. ಕಾಗದಕ್ಕೆ 365 ನ್ಯಾನೊಮೀಟರಿನ ಯುವಿ ಟಾರ್ಚ್ ತಗೊಳ್ಳಿ. ಕತ್ತಲಲ್ಲಿ ಹಿಡಿದಾಗ ಕಾಗದ ನೀಲಿ ಬೆಳ್ಳಗೆ ಜೋರಾಗಿ ಬೆಳಗಿದರೆ ಅದರಲ್ಲಿ ಬಿಳುಪುಕಾರಕ ರಾಸಾಯನಿಕ ಇದೆ, ಅದು ಕಾಗದಕ್ಕೆ ಬಂದದ್ದು ಸುಮಾರು 1950ರಿಂದ ಈಚೆಗೆ. ಹೋಲಿಕೆಗೆ ಪಕ್ಕದಲ್ಲಿ ನಿಮ್ಮ ಸೌತ್ ಪರೇಡ್ ಕಾರ್ಡು ಇಡಿ, ಅದು ಮಂಕಾಗೇ ಇರಬೇಕು. ಬೆಳಗಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತಲ್ಲ, ಭೂತಗನ್ನಡಿ ಹಿಡಿಯಿರಿ. ಚದುರಿದ ಸಣ್ಣ ನೀಲಿ, ಗುಲಾಬಿ, ಹಳದಿ ತುಂತುರು ಕಂಡರೆ ಇಂಕ್‌ಜೆಟ್. ಇನ್ನೊಂದು ಖಚಿತ ಗುರುತು: ಮರುಮುದ್ರಣದಲ್ಲಿ ಶೀರ್ಷಿಕೆಯ ಅಕ್ಷರವೂ ಚುಕ್ಕಿಯಿಂದಲೇ ಆಗಿರುತ್ತೆ, ಯಾಕೆಂದರೆ ಇಡೀ ಹಳೇ ಕಾರ್ಡನ್ನು ಚಿತ್ರವಾಗಿ ಸ್ಕ್ಯಾನ್ ಮಾಡಿರ್ತಾರೆ. ಅಸಲಿಯಲ್ಲಿ ಅಕ್ಷರ ಗಟ್ಟಿ ಶಾಯಿ, ಅಂಚು ಕಡಿದಂತೆ ಇರುತ್ತೆ. ಅಚ್ಚಾದ ಕೊಳೆ, ಅಚ್ಚಾದ ಮಡಿಕೆ ಕಂಡರಂತೂ ಕೇಳೋದೇ ಬೇಡ: ಬೆರಳಿಗೆ ಮಡಿಕೆ ಸಿಗಲ್ಲ, ಕಣ್ಣಿಗೆ ಮಾತ್ರ ಕಾಣುತ್ತೆ. ನಿಜ ಫೋಟೋ ಅಂತ ಮಾರುವ ಕಾರ್ಡಿನ ಹಿಂಬದಿ ಪ್ಲಾಸ್ಟಿಕ್ಕಿನಂತೆ ಜಾರಿದರೆ ಅದು ಇತ್ತೀಚಿನ ಸ್ಟುಡಿಯೋ ಕಾಗದ.

ಪಿಕ್ಸೆಲ್, ಶಿರಾ

ಜೆರಾಕ್ಸ್ ಅಂಗಡಿಯಲ್ಲಿ ಕಾಗದ ಎಳೆದುಕೊಳ್ಳುವ ಫೀಡರಿಗೆ ಈ ಕಾರ್ಡು ಕೊಡಲೇಬೇಡಿ, ರೋಲರಿನಲ್ಲಿ ಬಗ್ಗಿ ಗೆರೆ ಬೀಳುತ್ತೆ. ಚಪ್ಪಟೆ ಗಾಜಿನ ಸ್ಕ್ಯಾನರ್ ಬೇಕು.

ಮುನ್ನೂರು ಡಿಪಿಐ ವಾಟ್ಸಾಪಿಗೆ ಸಾಕು, ದಾಖಲೆಗೆ ಸಾಲದು. ಅಚ್ಚಿನ ಕಾರ್ಡಿಗೆ 600, ನಿಜ ಫೋಟೋ ಮತ್ತು ಕಾಲೋಟೈಪಿಗೆ 1200. ಐದೂವರೆ ಇಂಚು ಗುಣಿಸು ಮೂರೂವರೆ ಇಂಚಿನ ಕಾರ್ಡು 600ರಲ್ಲಿ 3300 ಗುಣಿಸು 2100 ಪಿಕ್ಸೆಲ್, 24 ಬಿಟ್ ಟಿಫ್ ಆಗಿ ಸುಮಾರು 21 ಎಂಬಿ. 1200ರಲ್ಲಿ ನಾಲ್ಕರಷ್ಟು, 83 ಎಂಬಿ. ಅರವತ್ತು ಕಾರ್ಡು ಎರಡೂ ಬದಿ 600ರಲ್ಲಿ ಮಾಡಿದರೆ ಎರಡೂವರೆ ಜಿಬಿ ಅಷ್ಟೇ, ಒಂದು ಪೆನ್‌ಡ್ರೈವಿಗೂ ಹೆಚ್ಚಲ್ಲ. ಹಾಗಾಗಿ ಹಿಂಬದಿಯನ್ನು ಬಿಡಬೇಡಿ, ಖಾಲಿ ಇದ್ದರೂ ಸರಿ. ಕಪ್ಪು ಬಿಳುಪು ಕಾರ್ಡನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕಾಗದದ ಹಳದಿ, ಶಾಯಿಯ ನೇರಳೆ ಎಲ್ಲ ಗುರುತುಗಳೇ.

ಸ್ಕ್ಯಾನರಿನ ತಂತ್ರಾಂಶದಲ್ಲಿ ಡಿಸ್ಕ್ರೀನ್ (ಅಚ್ಚಿನ ಚುಕ್ಕಿ ಮರೆಸೋದು), ಧೂಳು ತೆಗೆಯೋದು, ತಾನಾಗೇ ಬಣ್ಣ ತಿದ್ದೋದು ಎಲ್ಲ ಆಫ್ ಮಾಡಿ. ಹಾಫ್‌ಟೋನ್ ಕಾರ್ಡಿನಲ್ಲಿ ಅಲೆಅಲೆಯಾದ ಪಟ್ಟೆ ಬರುತ್ತೆ ಅಂತ ಡಿಸ್ಕ್ರೀನ್ ಹಾಕ್ತಾರೆ. ಅದು ಚುಕ್ಕಿಯನ್ನು ಕಲಸಿಬಿಡುತ್ತೆ, ಜೊತೆಗೆ ಅಂಗಡಿ ಬೋರ್ಡೂ ಹೋಗುತ್ತೆ. ಆ ಪಟ್ಟೆ ಬರೋದು ಕಡಿಮೆ ಡಿಪಿಐನಲ್ಲಿ, ಸ್ಕ್ಯಾನರಿನ ಚೌಕಳಿಯೂ ಅಚ್ಚಿನ ಚುಕ್ಕಿಯೂ ಹತ್ತಿರ ಹತ್ತಿರದ ಅಳತೆಯಾದಾಗ. ಡಿಪಿಐ ಏರಿಸಿ, ಅಥವಾ ಕಾರ್ಡನ್ನು ಗಾಜಿನ ಮೇಲೆ ಕೆಲವು ಡಿಗ್ರಿ ಓರೆ ಇಟ್ಟು ಆಮೇಲೆ ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿ. ಕಾರ್ಡಿನ ಬೆನ್ನಿಗೆ ಕಪ್ಪು ಕಾಗದ ಇಟ್ಟರೆ ಹಿಂಬದಿಯ ಬರಹ ಮುಂದಕ್ಕೆ ಮೂಡೋದು ಕಡಿಮೆಯಾಗುತ್ತೆ. ಬೆಳ್ಳಿ ಹೊಳಪಿನ ನಿಮ್ಮ ಮೂರನೇ ಕಾರ್ಡು ಸ್ಕ್ಯಾನರಿನಲ್ಲಿ ನೀಲಿ ಮಂಜಿನಂತೆ ಬರಬಹುದು. ಅದನ್ನು ಜಗಲಿಯ ನೆರಳಿನಲ್ಲಿ ಕ್ಯಾಮೆರಾದಿಂದ, ಹೊಳಪು ಕಾಣದ ಕೋನ ಹುಡುಕಿ ತೆಗೆಯಿರಿ.

ಫೈಲಿನ ಹೆಸರಲ್ಲಿ ವರ್ಷ ಹಾಕಬೇಡಿ, ಅದು ಮುಂದೆ ಬದಲಾಗುತ್ತೆ. ಆಲ್ಬಂ ಪುಟ, ಕಾರ್ಡಿನ ಸಂಖ್ಯೆ, ಮುಂದೆ ಅಥವಾ ಹಿಂದೆ, ಇಷ್ಟು ಸಾಕು. ಶೀರ್ಷಿಕೆಯನ್ನು ತಪ್ಪಿದ್ದರೆ ತಪ್ಪಿನ ಸಮೇತ ಪಟ್ಟಿಯಲ್ಲಿ ಬರೆಯಿರಿ. ಅದೇ ಕಾಗುಣಿತದ ತಪ್ಪು ಇನ್ನೊಂದು ಕಾರ್ಡಿನಲ್ಲಿ ಸಿಕ್ಕರೆ ಎರಡೂ ಒಬ್ಬನೇ ಪ್ರಕಾಶಕನದು ಅನ್ನೋಕೆ ಸುಳಿವು. ಸಂಖ್ಯೆಯನ್ನು ಕಾರ್ಡಿನ ಮೇಲೆ ಬರೆಯಬೇಡಿ, ಚೀಲದೊಳಗೆ ಚೀಟಿ ಇಡಿ.

ಬಟವಾಡಿ, ತುಮಕೂರು

ಯುವಿ ಟಾರ್ಚ್ ಸಿಕ್ಕಿತು. ವಿಕ್ಟೋರಿಯಾ ಕಾರ್ಡು ಟ್ಯೂಬ್‌ಲೈಟಿನಂತೆ ಬೆಳಗಿತು, ಶೀರ್ಷಿಕೆಯಲ್ಲೂ ಬಣ್ಣದ ಚುಕ್ಕಿಗಳಿವೆ. ಮರುಮುದ್ರಣ ಅಂತ ಪಟ್ಟಿಯಲ್ಲಿ ಬರೆದೆ. ಕೊನೇ ಪ್ರಶ್ನೆ: ಒಬ್ಬರು ಇಡೀ ಆಲ್ಬಂ ವಿದೇಶಕ್ಕೆ ಕಳಿಸಿ, ಒಳ್ಳೇ ಬೆಲೆ ಕೊಡ್ತೀವಿ ಅಂತಿದ್ದಾರೆ. ಕಳಿಸಬಹುದಾ?

ಠಸ್ಸೆ, ರಾಬರ್ಟ್‌ಸನ್‌ಪೇಟೆ

ಅವಸರ ಮಾಡಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ, ಇತಿಹಾಸದ ದೃಷ್ಟಿಯಿಂದ ಮಹತ್ವದ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಪೋಸ್ಟ್‌ಕಾರ್ಡು ಅದರೊಳಗೆ ಬರುತ್ತೋ ಇಲ್ಲವೋ ತೀರ್ಮಾನಿಸೋದು ನೀವೂ ಅಲ್ಲ, ಕೊಳ್ಳುವವರೂ ಅಲ್ಲ. ಕಳಿಸೋದೇ ಆದರೆ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ಕಚೇರಿಯಲ್ಲಿ, ಇದು ಪುರಾತನ ವಸ್ತು ಅಲ್ಲ ಅನ್ನೋ ಪ್ರಮಾಣಪತ್ರದ ಬಗ್ಗೆ ವಿಚಾರಿಸಿ.

ಬೆಲೆ ತಿಳಿಯೋಕೆ ಆನ್‌ಲೈನಿನಲ್ಲಿ ಮಾರಾಟಗಾರರು ಕೇಳುತ್ತಿರುವ ಬೆಲೆ ನೋಡಬೇಡಿ, ನಿಜವಾಗಿ ಮಾರಾಟವಾದದ್ದನ್ನು ಮಾತ್ರ ತೋರಿಸುವ ಫಿಲ್ಟರ್ ಹಾಕಿ. ಗಾಜಿನ ಮನೆ, ಅಠಾರಾ ಕಚೇರಿ, ಕಬ್ಬನ್ ಪಾರ್ಕ್ ಕಾರ್ಡುಗಳು ಬೇಕಾದಷ್ಟು ಅಚ್ಚಾಗಿವೆ. ಪೇಟೆಯ ಒಳರಸ್ತೆ, ಹೆಸರು ಓದಬಹುದಾದ ಅಂಗಡಿ, ಕೆಲಸದಲ್ಲಿರೋ ಜನ, ಅದರಲ್ಲೂ ನಿಜ ಫೋಟೋ ಆಗಿದ್ದರೆ ಕಡಿಮೆ ಸಿಗುತ್ತೆ. ಮೂಲೆ ಮುರಿದಿದ್ದರೆ, ಹಿಂಬದಿ ಸುಲಿದಿದ್ದರೆ ಬೆಲೆ ಬೀಳುತ್ತೆ. ಬರಹ, ಠಸ್ಸೆ ಸ್ಪಷ್ಟವಾಗಿದ್ದರೆ ಏರುತ್ತೆ. ಬೆಂಗಳೂರು ಜಿಪಿಒದಲ್ಲಿ ಸ್ಟಾಂಪು ಸಂಗ್ರಾಹಕರಿಗಾಗಿ ಫಿಲಾಟೆಲಿ ಬ್ಯೂರೋ ಇದೆ, ಅಂಚೆ ಇಲಾಖೆಯ ಕರ್ನಾಪೆಕ್ಸ್ ಪ್ರದರ್ಶನಕ್ಕೆ ಈ ಕಾರ್ಡುಗಳನ್ನು ಬಲ್ಲವರೇ ಬರ್ತಾರೆ. ಕಾರ್ಡಿನ ಬದಲು ಪಟ್ಟಿಯನ್ನೂ ಸ್ಕ್ಯಾನನ್ನೂ ಒಯ್ದು ತೋರಿಸಿ, ಇಬ್ಬರು ಮೂವರ ಮಾತು ಕೇಳಿದ ಮೇಲೆ ಆ ವಿದೇಶದವರಿಗೆ ಉತ್ತರ ಕೊಡಿ.